ಪಾಸಾದ ಮೇಲೂ ಓದ್ಬೇಕಾ?

ಪ್ಲೇಸ್‌ಮೆಂಟ್ ಹತ್ತಿರ ಬಂತು ಅಂದ್ರೆ ರೆಸ್ಯೂಮೆಗೆ ಇನ್ನೊಂದು ಸರ್ಟಿಫಿಕೇಟ್ ಸೇರಿಸೋ ಆತುರ ನಮಗೆಲ್ಲ. ಹಸಿರು ಕಟ್ಟಡಗಳಿಗೆ ಸಂಬಂಧಿಸಿದ ‘ಲೀಡ್ ಗ್ರೀನ್ ಅಸೋಸಿಯೇಟ್’ ಪರೀಕ್ಷೆಯನ್ನೇ ನೋಡಿ: 2 ಗಂಟೆ, 100 ಪ್ರಶ್ನೆ, 200ಕ್ಕೆ 170 ಬಂದರೆ ಪಾಸು. ಕೆಲಸದ ಅನುಭವ ಬೇಕಿಲ್ಲ, ನಾವೂ ಬರೆಯಬಹುದು. ಆದರೆ ಪ್ರತಿ 2 ವರ್ಷಕ್ಕೊಮ್ಮೆ 15 ಗಂಟೆ ಕಲಿಕೆ ತೋರಿಸಿ, ಫೀಸ್ ಕಟ್ಟಿ ನವೀಕರಿಸಬೇಕು.

“ದುಡ್ಡು ಕೀಳೋ ದಾರಿ ಕಣೋ” ಅಂದ ಗೆಳೆಯ. ಫೀಸ್ ನಮಗೆ ಭಾರ, ನಿಜ. ಆದರೆ ಆ 15 ಗಂಟೆ ಬೇಡ ಅನ್ನಲಾರೆ. 2013ರಲ್ಲಿ ಬಂದ ಲೀಡ್ ವಿ4 ಓದಿದವರ ಮುಂದೆ 2025ರಲ್ಲಿ ವಿ5 ಬಂದು ನಿಂತಿದೆ. ಹಳೇ ಲೆಕ್ಕದಲ್ಲಿ ಕಟ್ಟಿದ ಕಟ್ಟಡ ದಶಕಗಟ್ಟಲೆ ನೀರು, ಕರೆಂಟು ನುಂಗುತ್ತೆ.

ಮುಂದಿನ 2 ವರ್ಷವೂ ಓದ್ತೀನಾ ಅಂತ ಕೇಳ್ಕೊಳ್ಳಿ. ಹೂಂ ಅನ್ನೋದಾದ್ರೆ ಮಾತ್ರ ಫೀಸ್ ಕಟ್ಟಿ.