ಆಜೀವ ಸದಸ್ಯತ್ವವೆಂಬ ಸಾಲ

ನಮ್ಮ ಮುಂಬಯಿ ಕನ್ನಡ ಸಂಘಗಳ ಮಹಾಸಭೆಯಲ್ಲಿ ಆಜೀವ ಸದಸ್ಯರ ಸಂಖ್ಯೆ ಏರಿತೆಂದರೆ ಚಪ್ಪಾಳೆ ಬೀಳುತ್ತದೆ. ನಾನು ತಟ್ಟುವುದಿಲ್ಲ. ಆ ಹಣ ಗಳಿಕೆಯಲ್ಲ, ಸಾಲ.

ಲೆಕ್ಕ ಹಾಕಿ ನೋಡಿ. ಒಬ್ಬರು ಒಮ್ಮೆ 1,000 ರೂಪಾಯಿ ಕೊಟ್ಟರೆನ್ನಿ. ಶೇ. 7ರ ಬಡ್ಡಿಗೆ ಠೇವಣಿಯಿಟ್ಟರೆ ವರ್ಷಕ್ಕೆ 70 ರೂಪಾಯಿ. ರಾಜ್ಯೋತ್ಸವದ ಒಂದು ಊಟಕ್ಕೂ ಸಾಲದು. ಬೆಲೆಗಳು ಶೇ. 6ರಂತೆ ಏರಿದರೆ 12 ವರ್ಷಗಳಲ್ಲಿ ಆ 70ಕ್ಕೆ 35ರ ಬೆಲೆ. ಮೂಲವನ್ನೇ ನಾಟಕ, ಸನ್ಮಾನ, ಶಾಲುಗಳಿಗೆ ಕರಗಿಸಿದರಂತೂ ಮುಂದಿನವರಿಗೆ ಉಳಿಯುವುದು ಹೆಸರುಗಳ ಪಟ್ಟಿ ಮಾತ್ರ.

‘ತೆರಿಗೆ ಕಾನೂನಿನಂತೆ ಶೇ. 85 ಖರ್ಚು ಮಾಡಲೇಬೇಕು, ಉಳಿಸುವುದೆಲ್ಲಿ?’ ಎನ್ನುತ್ತಾರೆ ಪದಾಧಿಕಾರಿಗಳು. ಇದು ಅರ್ಧಸತ್ಯ. ಉಳಿದ ಶೇ. 15ನ್ನು ಕೂಡಿಡಬಹುದು. ದಾನಿಗಳು ಮೂಲನಿಧಿಗೆಂದೇ ಬರೆದುಕೊಟ್ಟ ಹಣವನ್ನು ಪ್ರತ್ಯೇಕವಾಗಿ, ಕಾನೂನು ಒಪ್ಪುವ ಹೂಡಿಕೆಯಲ್ಲಿಟ್ಟರೆ ಅದು ಆ 85ರ ಲೆಕ್ಕಕ್ಕೆ ಬರುವುದೇ ಇಲ್ಲ.

ಆದ್ದರಿಂದ ಆಜೀವ ಸದಸ್ಯತ್ವ ನಿಲ್ಲಿಸಿ, ವಾರ್ಷಿಕ ವಂತಿಗೆ ತನ್ನಿ. ಮೂಲನಿಧಿಯನ್ನು ಮುಟ್ಟಬೇಡಿ, ಬಡ್ಡಿಯಲ್ಲೂ ಒಂದು ಪಾಲು ಅದಕ್ಕೇ ಸೇರಲಿ. ‘ಪ್ರತಿವರ್ಷ ಯಾರು ಕೊಡುತ್ತಾರೆ?’ ಎಂಬ ಭಯವೇ ನಿಜವಾದ ಪ್ರಶ್ನೆ. ವರ್ಷಕ್ಕೆ ಇನ್ನೂರು ರೂಪಾಯಿ ಕೇಳಲು ಅಂಜುವ ಸಂಘ, ತಾನು ಯಾರಿಗಾದರೂ ಬೇಕೇ ಎಂದು ಕೇಳಿಕೊಳ್ಳಲು ಅಂಜುತ್ತಿದೆ.