ಜತ್ತ ತಾಲೂಕಿನ ಆಸ್ಪತ್ರೆಗೂ ಬೇಕು ಕಂಪ್ಯೂಟರ್ ತಾಲೀಮು

ಜತ್ತ: ಪರದೆ ಎತ್ತುವ ಮೊದಲು ನಾಟಕಕ್ಕೆ ತಾಲೀಮು ಇರುತ್ತದೆ. ಆದರೆ ಸರಕಾರಿ ಆಸ್ಪತ್ರೆಗೆ ಹೊಸ ಕಂಪ್ಯೂಟರ್ ವ್ಯವಸ್ಥೆ ಬಂದಾಗ ತಾಲೀಮು ನಡೆಯುವುದು ನಿಜವಾದ ರೋಗಿಗಳ ಮೇಲೆಯೇ. ತಪ್ಪು ಗೊತ್ತಾಗುವ ಹೊತ್ತಿಗೆ ಸರದಿ ಬಾಗಿಲು ದಾಟಿ ಬೀದಿಗೆ ಬಂದಿರುತ್ತದೆ.

ಇದಕ್ಕೆ ದೊಡ್ಡ ಉದಾಹರಣೆ ಕೋವಿನ್. 2021ರ ಜನವರಿ 2ರಂದು ದೇಶದೆಲ್ಲೆಡೆ ಲಸಿಕೆಯ ಅಣಕು ಪ್ರಯೋಗ ನಡೆಯಿತು. ಮಹಾರಾಷ್ಟ್ರದಲ್ಲಿ ಪುಣೆ, ನಾಗಪುರ, ಜಾಲನಾ, ನಂದುರಬಾರ ಜಿಲ್ಲೆಗಳು ಅದರಲ್ಲಿದ್ದವು. ಒಂದು ಕೇಂದ್ರಕ್ಕೆ ಕೇವಲ 25 ಜನ. ಎಲ್ಲವೂ ಸುಗಮವಾಗಿಯೇ ಕಂಡಿತು. ಆದರೆ ಜನವರಿ 16ರಂದು ನಿಜವಾದ ಅಭಿಯಾನ ಶುರುವಾದ ಕೂಡಲೇ ಆ್ಯಪ್ ತೊಡಕಿಗೆ ಸಿಲುಕಿತು. ಮಹಾರಾಷ್ಟ್ರದಲ್ಲಿಯೂ ಲಸಿಕೆಯ ಕೆಲಸಕ್ಕೆ ಅಡಚಣೆಯಾಯಿತು. ಇಪ್ಪತ್ತೈದು ಜನರ ತಾಲೀಮು ಲಕ್ಷಗಟ್ಟಲೆ ಜನರ ಒತ್ತಡವನ್ನು ತೋರಿಸಲಾರದು.

ಆ ಒತ್ತಡವನ್ನು ಮೊದಲೇ ಕಾಣುವ ದಾರಿಯೇ ಕಂಪ್ಯೂಟರ್ ಸಿಮ್ಯುಲೇಶನ್. ಆಸ್ಪತ್ರೆಯನ್ನೇ ಲೆಕ್ಕದ ರೂಪದಲ್ಲಿ ಕಂಪ್ಯೂಟರ್‌ನೊಳಗೆ ಕಟ್ಟುತ್ತಾರೆ. ಎಷ್ಟು ಹೊತ್ತಿಗೆ ಎಷ್ಟು ಜನ ಬರುತ್ತಾರೆ, ಹೆಸರು ಬರೆಯಲು ಎಷ್ಟು ನಿಮಿಷ, ನೆಟ್‌ವರ್ಕ್ ಎಷ್ಟು ಸಲ ಹೋಗುತ್ತದೆ ಎಂಬುದನ್ನು ತುಂಬಿ, ಸಾವಿರ ದಿನಗಳನ್ನು ಕೆಲವೇ ನಿಮಿಷಗಳಲ್ಲಿ ಓಡಿಸಿ ನೋಡುತ್ತಾರೆ.

ಬಸ್ಸಿನ ಲೆಕ್ಕ

ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಾಲ್ಕು ತಾಸಿನಲ್ಲಿ 60 ರೋಗಿಗಳು ಬರುತ್ತಾರೆಂದು ಇಟ್ಟುಕೊಳ್ಳೋಣ. ನೋಂದಣಿಗೆ ತಲಾ 3 ನಿಮಿಷ ಹಿಡಿದರೆ ಒಟ್ಟು 180 ನಿಮಿಷ. ಕಾಗದದ ಮೇಲೆ ಒಂದು ತಾಸು ಉಳಿಯುತ್ತದೆ. ಆದರೆ ಜನ ಸಮನಾಗಿ ಬರುವುದಿಲ್ಲ, ಬಸ್ಸು ಬಂದಾಗ ಬರುತ್ತಾರೆ. ಒಮ್ಮೆಲೇ 30 ಜನ ಇಳಿದರೆ ಕೊನೆಯವನ ಸರದಿ ಬರಲು 87 ನಿಮಿಷ ಬೇಕು. ಹೊಸ ವ್ಯವಸ್ಥೆ ಒಬ್ಬರಿಗೆ ಒಂದೇ ನಿಮಿಷ ಹೆಚ್ಚಿಗೆ ಕೇಳಿದರೆ ಅದು 116 ನಿಮಿಷ. ನಡುವೆ ಅರ್ಧ ತಾಸು ನೆಟ್‌ವರ್ಕ್ ಹೋದರೆ ಸುಮಾರು ಎರಡೂವರೆ ತಾಸು. ಅಷ್ಟರಲ್ಲಿ ತಿರುಗಿ ಹೋಗುವ ಬಸ್ಸು ಹೊರಟುಹೋಗಿರುತ್ತದೆ. ಸರಾಸರಿಯ ಲೆಕ್ಕದಲ್ಲಿ ಕಾಣದ ಈ ಸಂಕಟವನ್ನು ಸಿಮ್ಯುಲೇಶನ್ ಮೊದಲೇ ತೋರಿಸಬಲ್ಲದು. ಎರಡನೇ ಕೌಂಟರ್ ಬೇಕೋ, ನೆಟ್‌ವರ್ಕ್ ಇಲ್ಲದಾಗಲೂ ನಡೆಯುವ ಆ್ಯಪ್ ಬೇಕೋ ಎಂಬುದನ್ನು ಹಣ ಸುರಿಯುವ ಮೊದಲೇ ತೂಗಿ ನೋಡಬಹುದು.

ಗಡಿಯ ಪ್ರಶ್ನೆ

2011ರ ಜನಗಣತಿಯಲ್ಲಿಯೇ ಜತ್ತ ತಾಲೂಕಿನ ಜನಸಂಖ್ಯೆ ಮೂರು ಲಕ್ಷ ದಾಟಿತ್ತು. ಉಮದಿ, ಸಂಖ ಭಾಗದಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ದೊಡ್ಡ ಕಾಯಿಲೆ ಬಂದರೆ ಕೆಲವರು ಮಿರಜಕ್ಕೆ, ಕೆಲವರು ವಿಜಯಪುರಕ್ಕೆ ಹೋಗುತ್ತಾರೆ. ಗರ್ಭಿಣಿಯ ಹೆಸರು ಇಲ್ಲಿ ಮರಾಠಿಯಲ್ಲಿ ದಾಖಲಾಗಿ, ಹೆರಿಗೆ ಗಡಿಯಾಚೆ ಆದರೆ ಆ ಮಾಹಿತಿ ತಿರುಗಿ ಊರಿನ ನರ್ಸಮ್ಮನಿಗೆ ತಲುಪಬೇಕಲ್ಲ? ತಲುಪದಿದ್ದರೆ ಕೂಸಿನ ಲಸಿಕೆಯ ಪಟ್ಟಿಯೇ ತಪ್ಪುತ್ತದೆ.

2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಚಾಲನೆಗೊಂಡ ಆಯುಷ್ಮಾನ್ ಭಾರತ ಡಿಜಿಟಲ್ ಮಿಷನ್ ಇದಕ್ಕೆ ಉತ್ತರವಾಗಬಲ್ಲದು. ಅದರ 14 ಅಂಕಿಗಳ ಆಭಾ ಸಂಖ್ಯೆಗೆ ರಾಜ್ಯದ ಗಡಿಯಿಲ್ಲ. ಆದರೆ ಸಂಖ್ಯೆ ಇದ್ದ ಮಾತ್ರಕ್ಕೆ ದಾಖಲೆ ಜೋಡಣೆಯಾಗುವುದಿಲ್ಲ. ಆಸ್ಪತ್ರೆ ಜೋಡಿಸಬೇಕು, ರೋಗಿ ಒಪ್ಪಿಗೆ ಕೊಡಬೇಕು. ಹತ್ತು ಆಸ್ಪತ್ರೆಗಳಲ್ಲಿ ನಾಲ್ಕು ಮಾತ್ರ ಜೋಡಿಸಿದರೆ ಎಷ್ಟು ಕೂಸುಗಳು ಪಟ್ಟಿಯಿಂದ ಜಾರುತ್ತವೆ? ಮೊಬೈಲ್ ಇಲ್ಲದವರ ಗತಿಯೇನು? ಒಪ್ಪಿಗೆ ಕೇಳುವ ಸಂದೇಶ ತಿಳಿಯದ ಭಾಷೆಯಲ್ಲಿ ಬಂದರೆ ಎಷ್ಟು ಜನ ಉತ್ತರಿಸುತ್ತಾರೆ? ಇವೂ ಸಿಮ್ಯುಲೇಶನ್‌ನಲ್ಲಿ ಓಡಿಸಿ ನೋಡಬಹುದಾದ ಪ್ರಶ್ನೆಗಳೇ.

ಮಿತಿಯೂ ಉಂಟು

ಸಿಮ್ಯುಲೇಶನ್ ಮಂತ್ರವಲ್ಲ. ಸುಳ್ಳು ಅಂಕಿ ತುಂಬಿದರೆ ಸುಳ್ಳು ಉತ್ತರವೇ ಬರುತ್ತದೆ. ಪುಣೆಯ ಆಸ್ಪತ್ರೆಯ ಅಂಕಿ ಇಟ್ಟುಕೊಂಡು ಉಮದಿಗೆ ಯೋಜನೆ ಹಾಕಲಾಗದು. ಬಸ್ಸು ಎಷ್ಟಕ್ಕೆ ಬರುತ್ತದೆ, ಯಾವ ವಸ್ತಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಬರಗಾಲದ ವರ್ಷ ಯಾವ ಮನೆಗಳು ಕಬ್ಬು ಕಡಿಯಲು ಗುಳೆ ಹೋಗುತ್ತವೆ ಎಂಬುದು ಗೊತ್ತಿರುವುದು ಆಶಾ ಕಾರ್ಯಕರ್ತೆಯರಿಗೆ, ನರ್ಸಮ್ಮಂದಿರಿಗೆ. ಮೊದಲು ಅವರನ್ನು ಕೇಳಬೇಕು. ವ್ಯವಸ್ಥೆ ಬಂದ ಮೇಲೆ ಲೆಕ್ಕ ಹೇಳಿದ್ದಕ್ಕೂ ನಡೆದದ್ದಕ್ಕೂ ತಾಳೆ ನೋಡಬೇಕು. ಇನ್ನು ಇಲ್ಲದ ವೈದ್ಯರನ್ನು ಯಾವ ಕಂಪ್ಯೂಟರೂ ತಂದು ಕೂರಿಸದು.

ಸಾಂಗಲಿ ಮತ್ತು ವಿಜಯಪುರ ಜಿಲ್ಲೆಗಳ ಆರೋಗ್ಯ ಇಲಾಖೆಗಳು ಕೂಡಿ ಗಡಿ ತಾಲೂಕುಗಳಿಗಾಗಿ ಇಂಥದೊಂದು ತಾಲೀಮು ನಡೆಸಲು ಅಡ್ಡಿಯೇನೂ ಇಲ್ಲ. ಗಡಿಯ ವಾದ ತನ್ನ ಪಾಡಿಗೆ ನಡೆಯಲಿ. ಕೂಸಿನ ಲಸಿಕೆಗೆ ಮಾತ್ರ ಗಡಿ ಅಡ್ಡ ಬರದಿರಲಿ.