ಗಿಟಾರಿಗೆ ಹೆಸರಿದೆ, ಗುಮಟೆಗೆ ಯಾಕಿಲ್ಲ?

ಕರಾವಳಿಯ ಹಾಡೊಂದನ್ನು ಎತ್ತಿಕೊಂಡು ಯಾವುದಾದರೂ ಬ್ಯಾಂಡಿನ ಹೊಸ ಆಲ್ಬಂ ಬಂತೆಂದರೆ ನಮ್ಮ ಕಡೆ ತಕ್ಷಣ ಎರಡು ಪಂಗಡಗಳು ಹುಟ್ಟಿಕೊಳ್ಳುತ್ತವೆ. ಡ್ರಮ್ಸ್ ಮತ್ತು ಎಲೆಕ್ಟ್ರಿಕ್ ಗಿಟಾರಿನ ಸದ್ದು ಕೇಳಿದ ಕೂಡಲೇ ಜಾನಪದ ಹಾಳಾಯಿತು ಎಂದು ಒಂದು ಪಂಗಡ ಸಂಕಟಪಡುತ್ತದೆ. ಬೆಂಗಳೂರಿನ ಹುಡುಗರು ನಮ್ಮ ಹಾಡನ್ನು ಊರಾಚೆಗೆ ಒಯ್ದರಲ್ಲ ಎಂದು ಇನ್ನೊಂದು ಪಂಗಡ ಬೀಗುತ್ತದೆ. ನಾಲ್ಕು ದಿನ ವಾದ ನಡೆದು ತಣ್ಣಗಾಗುತ್ತದೆ. ಆ ಆಲ್ಬಮ್ಮಿನ ವಿವರದಲ್ಲಿ ಹಾಡಿನ ಕೆಳಗೆ ಏನು ಬರೆದಿದೆ ಎಂದು ಈ ಎರಡೂ ಪಂಗಡದವರು ನೋಡುವುದಿಲ್ಲ. ಸಾಹಿತ್ಯ, ರಾಗ: ಜಾನಪದ. ಸಂಗೀತ ಸಂಯೋಜನೆ: ಬ್ಯಾಂಡು. ನನ್ನ ತಕರಾರು ಇರುವುದು ಈ ಎರಡು ಸಾಲುಗಳ ಮೇಲೆ.

ಗಿಟಾರಿನ ಬಗ್ಗೆ ನನಗೆ ತಕರಾರಿಲ್ಲ. ಹಾಡು ಬಾಯಿಂದ ಬಾಯಿಗೆ ದಾಟುವಾಗ ಬದಲಾಗುತ್ತದೆ; ಒಂದೇ ಪದವನ್ನು ಅಂಕೋಲಾದ ಕೊಪ್ಪದಲ್ಲಿ, ಅಂದರೆ ಹಾಲಕ್ಕಿ ಒಕ್ಕಲಿಗರ ಕೇರಿಯಲ್ಲಿ, ಒಂದು ಬಗೆಯಾಗಿ, ಹೊನ್ನಾವರದ ಕೊಪ್ಪದಲ್ಲಿ ಇನ್ನೊಂದು ಬಗೆಯಾಗಿ ಹೇಳುತ್ತಾರೆ. ಗುಮಟೆಯೇ ಬದಲಾಗಿದೆ. ಮಡಕೆಯ ಬಾಯಿಗೆ ಉಡದ ಚರ್ಮ ಬಿಗಿಯುತ್ತಿದ್ದ ಕಾಲ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದು ಅಪರಾಧ. ಆಡಿನ ಚರ್ಮ ಬಂದಿದೆ, ನಾದ ಸ್ವಲ್ಪ ಬೇರೆಯಾಗಿದೆ, ಸುಗ್ಗಿ ಕುಣಿತ ನಿಂತಿಲ್ಲ. ಚರ್ಮ ಬದಲಾದದ್ದನ್ನು ತಾಳಿಕೊಂಡ ಹಾಡು ಬಾಸ್ ಗಿಟಾರನ್ನೂ ತಾಳಿಕೊಳ್ಳುತ್ತದೆ. ಹಾಡು ಕೆಡುತ್ತದೆ ಎಂದು ಕೂಗುವ ಹಿರಿಯರಿಗೆ ನಾನು ಹೇಳುವುದು ಇಷ್ಟೇ: ನೀವು ಕಾಪಾಡಲು ಹೊರಟಿರುವುದು ಹಾಡನ್ನು, ಹಾಡಿದವರನ್ನಲ್ಲ.

ಕನ್ನಡದ ಸ್ವತಂತ್ರ ಬ್ಯಾಂಡುಗಳ ಋಣ ನಮ್ಮ ಮೇಲಿದೆ. 2008ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟಿನ ಮೊದಲ ಆಲ್ಬಂ ಬಂದಾಗ, ಸಿನಿಮಾದ ಹಂಗಿಲ್ಲದೆ ಕನ್ನಡದ ಹಾಡೊಂದು ಕಾಲೇಜು ಮೈದಾನಗಳನ್ನು ಕುಣಿಸಬಹುದು ಎಂದು ಗೊತ್ತಾಯಿತು. ಮರುವರ್ಷ ಸ್ವರಾತ್ಮದ ಮೊದಲ ಆಲ್ಬಂ ಬಂತು. ಈ ದಾರಿ ತೆರೆದದ್ದರಿಂದಲೇ ಇವತ್ತು ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಹುಡುಗ ಹುಡುಗಿಯರು ಮನೆಯ ಕೋಣೆಯಲ್ಲೇ ಆಲ್ಬಂ ಮಾಡಿ ಬಿಡುಗಡೆ ಮಾಡುತ್ತಿದ್ದಾರೆ. ಗೋಕರ್ಣದ ಕಡಲ ದಂಡೆಯಲ್ಲಿ ಗಿಟಾರ್ ಹಿಡಿದು ಕೂತವರು ಮೊದಲೂ ಇದ್ದರು. ಈಗ ಅವರ ಕೈಯಲ್ಲಿ ರೆಕಾರ್ಡರ್ ಕೂಡ ಇದೆ.

ಆದರೆ 2008ರ ಆ ಆಲ್ಬಮ್ಮಿನಲ್ಲಿ ಗುಡುಗುಡಿಯ ಸೇದುವ ಹಾಡು ಬಂದಾಗ ಅದು ಶಿಶುನಾಳ ಶರೀಫರದು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1889ರಲ್ಲೇ ತೀರಿಕೊಂಡ ಶರೀಫರು ತಮ್ಮ ಹಾಡಿನೊಳಗೇ ಅಂಕಿತ ಹಾಕಿಟ್ಟಿದ್ದಾರೆ. ಬಸವಣ್ಣನವರೂ ಅಕ್ಕನೂ ಪುರಂದರದಾಸರೂ ಮಾಡಿದ್ದು ಅದನ್ನೇ. ಎಷ್ಟು ಶತಮಾನ ಕಳೆದರೂ, ಯಾವ ವಾದ್ಯಕ್ಕೆ ಕೂಡಿಸಿದರೂ, ಕೊನೆಯ ಸಾಲಿಗೆ ಬಂದಾಗ ಒಡೆಯರ ಗುರುತು ಬಂದೇ ಬರುತ್ತದೆ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುತ್ತ ಪದ ಕಟ್ಟಿದ ಹಾಲಕ್ಕಿ ಹೆಂಗಸು ಅಂಕಿತ ಹಾಕಲಿಲ್ಲ. ಅವಳಿಗೆ ಬೇಕಾಗಿರಲಿಲ್ಲ, ಕೇಳುವವರೆಲ್ಲ ಅವಳ ಪಕ್ಕದ ಸಾಲಿನಲ್ಲೇ ಇದ್ದರು. ಆ ಪದ ಈಗ ಮೊಬೈಲಿನಲ್ಲಿ ಲಂಡನ್ನಿಗೆ ಹೋಗುತ್ತದೆ. ಅಲ್ಲಿಯ ಕೇಳುಗನಿಗೆ ಸಿಗುವ ಹೆಸರು ಬ್ಯಾಂಡಿನದು ಮಾತ್ರ.

ಇದು ಕಾನೂನು ಮೀರಿದ ಕೆಲಸವಲ್ಲ, ಮತ್ತು ನನ್ನ ಸಿಟ್ಟಿಗೆ ಮುಖ್ಯ ಕಾರಣವೂ ಅದೇ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾದಾಗ ಪ್ರದರ್ಶಕರ ಹಕ್ಕು ಗಟ್ಟಿಯಾಯಿತು. ಹಾಡುವವರು, ಬಾರಿಸುವವರು, ಕುಣಿಯುವವರು, ಹಾವಾಡಿಗರು ಕೂಡ ಆ ವ್ಯಾಖ್ಯೆಯೊಳಗೆ ಬರುತ್ತಾರೆ. ತಮ್ಮ ಹೆಸರು ಹೇಳಬೇಕೆಂದು ಕೇಳುವ ಹಕ್ಕೂ ಅವರಿಗಿದೆ. ಹಾಗಾಗಿ ಕೊಪ್ಪದ ಅಜ್ಜಿಯೊಬ್ಬರ ದನಿಯನ್ನು ಧ್ವನಿಮುದ್ರಿಸಿ ಅದನ್ನೇ ಆಲ್ಬಮ್ಮಿನಲ್ಲಿ ಬಳಸಿದರೆ ಕಾನೂನು ಅವರ ಪರವಾಗಿ ಏನಾದರೂ ಹೇಳುತ್ತದೆ. ಅದೇ ಅಜ್ಜಿಯ ಎದುರು ಎರಡು ದಿನ ಕೂತು ಪದ ಕಲಿತು, ಸ್ಟುಡಿಯೋಕ್ಕೆ ಮರಳಿ ತಾವೇ ಹಾಡಿದರೆ? ಆಗ ಕಾನೂನು ಸುಮ್ಮನಾಗುತ್ತದೆ. ಸಮುದಾಯದ ಹಾಡಿಗೆ ಭಾರತದ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರತ್ಯೇಕ ರಕ್ಷಣೆ ಇಲ್ಲ. ಬ್ಯಾಂಡಿನವರ ಹೊಸ ಧ್ವನಿಮುದ್ರಣಕ್ಕೆ ಮಾತ್ರ ಆ ದಿನದಿಂದಲೇ ಹಕ್ಕು ಹುಟ್ಟುತ್ತದೆ. ಕಲಿಸಿದವರಿಗೆ ಏನೂ ಇಲ್ಲ, ಕಲಿತವರಿಗೆ ಎಲ್ಲವೂ ಇದೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಸಮಿತಿಯೊಂದು 2000ದಿಂದ ಈ ವಿಷಯ ಚರ್ಚಿಸುತ್ತಲೇ ಇದೆ. 2024ರ ಮೇ ತಿಂಗಳಲ್ಲಿ ಒಂದು ಒಪ್ಪಂದ ಆಯಿತು. ಅದು ಗಿಡಮೂಲಿಕೆ, ಬೀಜದಂಥ ಆನುವಂಶಿಕ ಸಂಪನ್ಮೂಲ ಮತ್ತು ಅದಕ್ಕೆ ಸಂಬಂಧಿಸಿದ ಸಾಂಪ್ರದಾಯಿಕ ತಿಳಿವಳಿಕೆಗೆ ಸೀಮಿತ. ಹಾಡು ಅದರಲ್ಲಿ ಸೇರಿಲ್ಲ.

ಬ್ಯಾಂಡುಗಳಿಗೆ ಹೆಸರಿನ ಬೆಲೆ ಗೊತ್ತಿಲ್ಲ ಎನ್ನಲಾಗದು. 2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ತೆರೆಗೆ ಬಂತು. ಭಟ್ಕಳದ ಗಡಿ ದಾಟಿದರೆ ಕುಂದಾಪುರದ ಸೀಮೆ. ಆ ಸೀಮೆಯ ಸಿನಿಮಾವನ್ನು ನಮ್ಮದೇ ಕಾಡಿನ ಕತೆ ಎಂದು ನಾವೆಲ್ಲ ನೋಡಿದೆವು. ಅದರ ‘ವರಾಹ ರೂಪಂ’ ಹಾಡು ತಮ್ಮ ‘ನವರಸಂ’ ಹಾಡಿನ ನಕಲು ಎಂದು ಕೇರಳದ ರಾಕ್ ಬ್ಯಾಂಡ್ ತೈಕ್ಕುಡಂ ಬ್ರಿಡ್ಜ್ ಅಕ್ಟೋಬರಿನಲ್ಲಿ ದನಿ ಎತ್ತಿತು. ಕೋಯಿಕ್ಕೋಡ್ ನ್ಯಾಯಾಲಯ ತಡೆ ನೀಡಿತು. ನವೆಂಬರಿನಲ್ಲಿ ಸಿನಿಮಾ ಓಟಿಟಿಗೆ ಬಂದಾಗ ಅಲ್ಲಿ ಬೇರೆಯೇ ರಾಗದ ಹಾಡಿತ್ತು. ಪ್ರಕರಣ ಕೇರಳ ಹೈಕೋರ್ಟಿಗೂ, 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿಗೂ ಹೋಯಿತು. ಹೋಲಿಕೆ ಇರುವುದು ರಾಗ ಒಂದೇ ಆದ್ದರಿಂದ, ನಕಲು ಮಾಡಿಲ್ಲ ಎಂಬುದು ಸಿನಿಮಾದವರ ಉತ್ತರ. ಯಾರದು ಸರಿ ಎಂದು ತೀರ್ಮಾನಿಸುವುದು ಇಲ್ಲಿ ನನ್ನ ಕೆಲಸವಲ್ಲ. ನಾನು ಗಮನಿಸಿದ್ದು ಬೇರೆ: ದೇಶದ ಸ್ವತಂತ್ರ ಸಂಗೀತಗಾರರಲ್ಲಿ ಎಷ್ಟೋ ಮಂದಿ ಆಗ ಬ್ಯಾಂಡಿನ ಪರ ನಿಂತರು. ದೊಡ್ಡ ಸಿನಿಮಾ ಸಣ್ಣ ಕಲಾವಿದನ ಶ್ರಮವನ್ನು ಹೆಸರು ಹೇಳದೆ ಎತ್ತಿಕೊಳ್ಳಬಾರದು ಎಂದರು. ಆ ಮಾತು ಸತ್ಯ. ಅಷ್ಟೇ ಸತ್ಯವನ್ನು ಅವರು ತಮ್ಮ ಆಲ್ಬಮ್ಮಿಗೂ ಅನ್ವಯಿಸಿಕೊಳ್ಳಬೇಕು. ತೈಕ್ಕುಡಂ ಬ್ರಿಡ್ಜಿಗೆ ಬಿಡುಗಡೆಯ ದಿನಾಂಕವಿತ್ತು, ಜೊತೆಗೆ ನಿಲ್ಲುವ ಸಂಸ್ಥೆ ಇತ್ತು, ವಕೀಲರಿದ್ದರು. ಕುಮಟಾದ ಬಯಲಿನ ಹೆಂಗಸಿಗೆ ಇವು ಯಾವುವೂ ಇಲ್ಲ, ಆದ್ದರಿಂದ ಅವಳ ಹೆಸರು ಬಿಟ್ಟುಹೋದದ್ದನ್ನು ಯಾರೂ ಕೇಳಿಲ್ಲ.

ಜಾನಪದ ಎಲ್ಲರದು, ಅದಕ್ಕೆ ಒಬ್ಬ ಕರ್ತೃ ಎಲ್ಲಿರುತ್ತಾನೆ ಎಂಬ ವಾದ ತಕ್ಷಣ ಬರುತ್ತದೆ. ಬಂಗಾಳದ ಬೀರಭೂಮದ ರತನ್ ಕಹಾರರನ್ನು ನೆನಪಿಸಿಕೊಳ್ಳಿ. 1972ರಲ್ಲಿ ಅವರು ಕಟ್ಟಿದ ಹಾಡು ಊರೂರು ಸುತ್ತಿ ಬಂಗಾಳದ ಜಾನಪದವೇ ಆಗಿಹೋಯಿತು. 2020ರಲ್ಲಿ ರ‍್ಯಾಪರ್ ಬಾದ್‌ಶಾ ‘ಗೇಂದಾ ಫೂಲ್’ನಲ್ಲಿ ಅದರ ಸಾಲುಗಳನ್ನು ಬಳಸಿದಾಗ ಕಹಾರರ ಹೆಸರಿರಲಿಲ್ಲ. ಬಂಗಾಳಿಗಳು ಗಲಾಟೆ ಮಾಡಿದ ಮೇಲೆ ಬಾದ್‌ಶಾ ಅವರಿಗೆ 5 ಲಕ್ಷ ರೂಪಾಯಿ ಕಳಿಸಿದರು. 2024ರಲ್ಲಿ ಅದೇ ಕಹಾರರಿಗೆ ಪದ್ಮಶ್ರೀ ಬಂತು. ಕರ್ತೃವಿಲ್ಲ ಎಂದುಕೊಂಡ ಹಾಡಿನ ಕರ್ತೃ ಬದುಕಿದ್ದರು, ಬಡತನದಲ್ಲಿದ್ದರು; ಒಮ್ಮೆ ವಿಚಾರಿಸಿದ್ದರೆ ಸಿಗುತ್ತಿದ್ದರು.

ವಿಚಾರಿಸದೆ ಬಿಟ್ಟರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಇನ್ನೊಂದು ಕತೆಯಿದೆ. 1970ರಲ್ಲಿ ಸಾಲೊಮನ್ ದ್ವೀಪಗಳಲ್ಲಿ ಹ್ಯೂಗೊ ಝೆಂಪ್ ಎಂಬ ಸಂಗೀತ ವಿದ್ವಾಂಸರು ಅಫುನಾಕ್ವಾ ಎಂಬ ಹೆಂಗಸಿನ ಜೋಗುಳವೊಂದನ್ನು ಧ್ವನಿಮುದ್ರಿಸಿಕೊಂಡರು. 1992ರಲ್ಲಿ ಫ್ರಾನ್ಸಿನ ಡೀಪ್ ಫಾರೆಸ್ಟ್ ಜೋಡಿ ಆ ದನಿಯನ್ನು ಎತ್ತಿ ಎಲೆಕ್ಟ್ರಾನಿಕ್ ತಾಳಕ್ಕೆ ಕೂಡಿಸಿತು. ಆಲ್ಬಂ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಮಾರಾಟವಾಯಿತು. ತಾವು ಒಪ್ಪಿರಲಿಲ್ಲ ಎಂದು ಝೆಂಪ್ ಆಮೇಲೆ ಪ್ರತಿಭಟಿಸಿದರು. 1996ರಲ್ಲಿ ನಾರ್ವೆಯ ಯಾನ್ ಗಾರ್ಬಾರೆಕ್ ಅದೇ ರಾಗವನ್ನು ತಮ್ಮ ಆಲ್ಬಮ್ಮಿನಲ್ಲಿ ನುಡಿಸಿದಾಗ ಅದಕ್ಕಿಟ್ಟ ಹೆಸರು ‘ಪಿಗ್ಮಿ ಜೋಗುಳ’. ಪೆಸಿಫಿಕ್ ಸಾಗರದ ದ್ವೀಪದ ಹೆಂಗಸು ನಾಲ್ಕೇ ವರ್ಷದಲ್ಲಿ ಆಫ್ರಿಕಾದ ಕಾಡಿನವಳಾದಳು. ಒಂದು ಹೆಸರು ಬಿಟ್ಟರೆ ಊರು, ಜನಾಂಗ, ಖಂಡ ಎಲ್ಲ ಕಳೆದುಹೋಗುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ನಷ್ಟಕ್ಕೆ ಇನ್ನೂ ಒಂದು ಮುಖವಿದೆ. ಹಾಲಕ್ಕಿ ಒಕ್ಕಲಿಗರು ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ವರ್ಷಾನುಗಟ್ಟಲೆ ಸರ್ಕಾರದ ಬಾಗಿಲು ತಟ್ಟುತ್ತಿದ್ದಾರೆ. ಭಟ್ಕಳದ ಗೊಂಡರಿಗೆ ಮಾನ್ಯತೆ ಇದ್ದರೂ ತಾವು ಯಾರೆಂದು ಕಚೇರಿಯ ಮೇಜಿನ ಮುಂದೆ ನಿಂತು ಹೇಳಬೇಕಾದ ಸಂದರ್ಭ ತಪ್ಪಿಲ್ಲ. ತಮ್ಮ ಸಂಸ್ಕೃತಿ ಬೇರೆಯದು ಎಂದು ತೋರಿಸಲು ಇಂಥ ಜನರ ಕೈಯಲ್ಲಿರುವ ಸಾಕ್ಷ್ಯ ಯಾವುದು? ಸುಗ್ಗಿ ಕುಣಿತ, ತಾರ್ಲೆ, ಗುಮಟೆಯ ಪದ, ಗೊಂಡರ ಢಕ್ಕೆ. ಆ ಸಾಕ್ಷ್ಯ ಜಗತ್ತಿನ ಕಿವಿಗೆ ಬೀಳುವ ಹೊತ್ತಿಗೆ ಅದರ ಮೇಲಿನ ಹೆಸರು ಅಳಿಸಿ ‘ಕರಾವಳಿ ಜಾನಪದ’ ಎಂದಷ್ಟೇ ಬರೆದರೆ, ಬ್ಯಾಂಡಿಗೆ ಅದು ಆಲ್ಬಮ್ಮಿನ ಒಂದು ಸಾಲು. ಅವರಿಗೆ ಒಂದು ದಾಖಲೆಯ ನಾಶ. ಭಟ್ಕಳದ ಹೆಬಳೆಯಲ್ಲಿ ಕೂತು ಬರೆಯುತ್ತಿರುವ ನನಗೆ ಇದು ದೂರದ ಮಾತಲ್ಲ. ನಮ್ಮ ಮೂಡಣ ದಿಕ್ಕಿಗಿರುವ ಹಾಡುವಳ್ಳಿ ಒಂದು ಕಾಲಕ್ಕೆ ಸಂಗೀತಪುರವೆಂಬ ರಾಜಧಾನಿ. ಆಳಿದ ಸಾಳುವರ ಹೆಸರು ಕಲ್ಲಿನ ಮೇಲೆ ಉಳಿದಿದೆ. ಅದೇ ಘಟ್ಟದ ಬುಡದಲ್ಲಿ ಢಕ್ಕೆ ಬಾರಿಸಿದವರ ಹೆಸರನ್ನು ಯಾರೂ ಕೆತ್ತಲಿಲ್ಲ. ಇವತ್ತು ಕೆತ್ತಲು ಕಲ್ಲೂ ಬೇಡ, ಆಲ್ಬಂ ಏರಿಸುವಾಗ ತುಂಬುವ ನಮೂನೆಯಲ್ಲಿ ಒಂದು ಖಾನೆ ಸಾಕು.

ಸ್ಟ್ರೀಮಿಂಗಿನಿಂದ ಒಂದು ಸಲದ ಕೇಳುವಿಕೆಗೆ ಬರುವುದು ಪೈಸೆಗಳ ಲೆಕ್ಕ, ನಮಗೇ ಸ್ಟುಡಿಯೋ ಬಾಡಿಗೆ ಹುಟ್ಟುವುದಿಲ್ಲ, ಇನ್ನು ಹಂಚುವುದೇನು ಎಂದು ಬ್ಯಾಂಡಿನವರು ಕೇಳುತ್ತಾರೆ. ಅವರ ಕಷ್ಟ ನಿಜ. ಆದರೆ ಹೆಸರು ಬರೆಯಲು ದುಡ್ಡು ಬೇಡ. ಅಲ್ಲದೆ ಆಲ್ಬಂ ಎಂಬುದು ಈಗ ಸಂಪಾದನೆಯ ಕೊನೆಯಲ್ಲ, ಆರಂಭ. ಆಲ್ಬಮ್ಮಿನ ಬಲದ ಮೇಲೆ ಕಾರ್ಯಕ್ರಮ ಸಿಗುತ್ತದೆ, ಜಾಹೀರಾತು ಸಿಗುತ್ತದೆ, ಸಿನಿಮಾದ ಬಾಗಿಲು ತೆರೆಯುತ್ತದೆ. ಆ ಹಾಡು ವೇದಿಕೆಯಲ್ಲಿ ಸಂಭಾವನೆ ತಂದಾಗ ಅದರ ಒಂದು ಪಾಲು ಕೊಪ್ಪದ ಸುಗ್ಗಿ ತಂಡಕ್ಕೆ ಮರಳಲಿ. ಬ್ಯಾಂಡಿನ ಸದಸ್ಯರು ತಮ್ಮೊಳಗೆ ಹಂಚಿಕೊಳ್ಳುವಾಗ ಊರಿನ ತಂಡವನ್ನೂ ಒಬ್ಬ ಸದಸ್ಯನೆಂದು ಎಣಿಸಿದರೆ ಲೆಕ್ಕ ಸುಲಭ.

ಯಂತ್ರದಿಂದ ಬರುವ ಅಪಾಯವೊಂದನ್ನು ಹಲವರು ಇನ್ನೂ ಗಮನಿಸಿಲ್ಲ. ಯೂಟ್ಯೂಬಿನಲ್ಲಿ ಹಕ್ಕುಳ್ಳವರ ಧ್ವನಿಮುದ್ರಣಕ್ಕೆ ಹೋಲುವ ಸದ್ದನ್ನು, ರಾಗವನ್ನು ಹುಡುಕಿ ಹಿಡಿಯುವ ವ್ಯವಸ್ಥೆ ಇದೆ. ಬ್ಯಾಂಡಿನ ಆಲ್ಬಂ ಅಲ್ಲಿ ನೋಂದಣಿಯಾದ ಮೇಲೆ, ಹಾಡು ಕಲಿಸಿದ ಅಜ್ಜಿಯ ಮೊಮ್ಮಗಳು ತನ್ನ ಅಜ್ಜಿಯ ಪದವನ್ನೇ ಮೊಬೈಲಿನಲ್ಲಿ ಹಿಡಿದು ಏರಿಸಿದರೆ, ಈ ಹಾಡು ಇನ್ನೊಬ್ಬರದು ಎಂಬ ಸೂಚನೆ ಅವಳಿಗೆ ಬರಬಹುದು. ಯಾರ ಮನೆಯಿಂದ ಹೋಯಿತೋ ಆ ಮನೆಯವರೇ ಕಳ್ಳರಾಗುವ ಸ್ಥಿತಿ. ಸಮುದಾಯದ ಹಾಡನ್ನು ಬಳಸಿದ ಯಾವ ಬ್ಯಾಂಡೂ ಆ ರಾಗದ ಮೇಲೆ ಇಂಥ ಹಕ್ಕು ಚಲಾಯಿಸಬಾರದು, ಇದರಲ್ಲಿ ರಾಜಿಯೇ ಇಲ್ಲ.

ಎಲ್ಲ ಹಾಡೂ ಆಲ್ಬಮ್ಮಿಗೆ ಬರಬೇಕೆಂದೂ ಇಲ್ಲ. ದೇವರ ಹರಕೆಗೆ ಕಟ್ಟುಬಿದ್ದ ಪದಗಳಿವೆ, ಸುಗ್ಗಿಯ ದಿನ ಬಿಟ್ಟರೆ ಹೇಳದ ಪದಗಳಿವೆ. ಇದು ಬೇಡ ಎಂದು ಊರ ಗೌಡರೋ ಹಿರಿಯ ಹೆಂಗಸೋ ಹೇಳಿದರೆ ರೆಕಾರ್ಡರ್ ಆರಿಸಬೇಕು. ಒಪ್ಪಿದರೆ, ಒಪ್ಪಂದವನ್ನು ಕನ್ನಡದಲ್ಲಿ ಬರೆದು, ಕೂತು ಓದಿ ಹೇಳಿ, ಒಂದು ಪ್ರತಿ ಅವರ ಮನೆಯಲ್ಲಿ ಬಿಟ್ಟು ಬರಬೇಕು. ಇದನ್ನು ತೊಡಕು ಎನ್ನುವವರು ಜಾನಪದ ವಿದ್ವಾಂಸರನ್ನು ನೋಡಲಿ. ಕುಮಟಾದ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕರು ಈ ಸೀಮೆಯ ಕೇರಿಗಳಿಗೆ ಹೋಗಿ, ನೆಲದ ಮೇಲೆ ಕೂತು, ಕೈಬರಹದಲ್ಲಿ ಹಾಡು ಕೂಡಿಸಿದವರು. ಹೇಳಿದವರು ಯಾರು, ಯಾವ ಊರು ಎಂದು ಬರೆದಿಡುವುದು ಆ ಶಿಸ್ತಿನ ಮೊದಲ ಪಾಠ. ರಾಕ್ ಸಂಗೀತಕ್ಕೆ ಅದರಿಂದ ವಿನಾಯಿತಿ ಕೊಡಲು ನನಗೆ ಕಾರಣ ಕಾಣುವುದಿಲ್ಲ.

ಸುಕ್ರಜ್ಜಿಯ ಹೆಸರು ಹೇಳದೆ ಈ ಮಾತು ಮುಗಿಯದು. ಅಂಕೋಲಾ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಅಸಂಖ್ಯ ಪದಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದ, ಕೇಳಿದವರಿಗೆಲ್ಲ ಕಲಿಸಿದ, ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿ ನಿಲ್ಲಿಸಿದ ಜೀವ. ಕಾರವಾರ ಆಕಾಶವಾಣಿಯೂ ಕರ್ನಾಟಕ ಜಾನಪದ ಅಕಾಡೆಮಿಯೂ ಅವರ ಹಾಡುಗಳನ್ನು ಧ್ವನಿಮುದ್ರಿಸಿವೆ. ಅವರು ಇಲ್ಲವಾದ ಮೇಲೆ ಅವರ ಪದಗಳನ್ನು ಆಲ್ಬಮ್ಮಿಗೆ ಎತ್ತಿಕೊಳ್ಳುವವರು ಹೆಚ್ಚೇ ಆಗುತ್ತಾರೆ. ಪ್ರಶ್ನೆ ಕೇಳಲು ಅವರಿಲ್ಲ.

ಆದ್ದರಿಂದ ಅಕಾಡೆಮಿ ಮತ್ತು ಆಕಾಶವಾಣಿ ತಮ್ಮಲ್ಲಿರುವ ಉತ್ತರ ಕನ್ನಡದ ಧ್ವನಿಮುದ್ರಣಗಳ ಪಟ್ಟಿಯನ್ನು ಹಾಡಿದವರ ಹೆಸರು, ಊರು, ಸಮುದಾಯ, ದಿನಾಂಕದ ಸಮೇತ ಸಾರ್ವಜನಿಕವಾಗಿ ಪ್ರಕಟಿಸಲಿ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ 2011ರಿಂದ ಇದೆ; ಪಟ್ಟಿಯನ್ನು ಮುಂದುವರಿಸುವ ಹೊಣೆ ಅದು ಹೊರಲಿ. ಪ್ರತಿ ಧ್ವನಿಮುದ್ರಣದ ನಕಲು ಹಾಡಿದವರ ಮನೆಗೆ ತಲುಪಲಿ. ಬರುವ ಸುಗ್ಗಿಗೆ ಕ್ಯಾಮೆರಾ, ಮೈಕು ಹಿಡಿದು ಕುಮಟಾ, ಹೊನ್ನಾವರದ ಕೊಪ್ಪಗಳಿಗೆ ಬರುವ ತಂಡಗಳು ಆ ಪಟ್ಟಿಯನ್ನು ಮೊದಲು ನೋಡಿ ಬರಲಿ, ಮತ್ತು ಈಗಾಗಲೇ ಆಲ್ಬಂ ಹೊರತಂದವರು ಹಾಡಿನ ವಿವರ ತಿದ್ದಲಿ. ಬಿಡುಗಡೆಯಾದ ಹಾಡಿನ ವಿವರವನ್ನು ಆಮೇಲೂ ತಿದ್ದಬಹುದು. ತಿದ್ದುವ ತನಕ ಆ ಹಾಡನ್ನು ಯಾವ ಉತ್ಸವದ ವೇದಿಕೆಗೂ, ಕದಂಬೋತ್ಸವಕ್ಕಾಗಲಿ ಕರಾವಳಿ ಉತ್ಸವಕ್ಕಾಗಲಿ, ಜಿಲ್ಲಾಡಳಿತ ಕರೆಯಬಾರದು.